ಕೆಂಪು ವೈನಿನ ಗುಣಕ್ಕೆ ನೆಲವೂ ಎತ್ತರವೂ ಕಾರಣವಾಗುವ ಬಗೆ

ದ್ರಾಕ್ಷಿಯ ತೋಟವನ್ನು ಹಾಕಬೇಕೆಂದು ಯೋಚಿಸುವ ಭೂಮಾಲೀಕರು ಸಾಮಾನ್ಯವಾಗಿ ಮೊದಲು ತಳಿಯನ್ನೂ, ಅನಂತರ ಪೇಟೆಯ ಧಾರಣೆಯನ್ನೂ, ಕಟ್ಟಕಡೆಗೆ ನೆಲವನ್ನೂ ವಿಚಾರಿಸುವರು. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಮೇಲು. ತಿನ್ನುವುದಕ್ಕಾಗಿ ಬೆಳೆಯುವ ಹಣ್ಣಿನಲ್ಲಿ ನೆಲದ ದೋಷವನ್ನು ಗೊಬ್ಬರದಿಂದಲೂ ನೀರಿನಿಂದಲೂ ಸ್ವಲ್ಪಮಟ್ಟಿಗೆ ಮರೆಸಬಹುದು. ಕೆಂಪು ವೈನಿಗಾಗಿ ಬೆಳೆಯುವ ಹಣ್ಣಿನಲ್ಲಿ ಹಾಗೆ ಮರೆಸಲು ಬರುವುದಿಲ್ಲ. ಹಣ್ಣಿನ ಸಕ್ಕರೆ, ಹುಳಿ, ಒಗರು, ಬಣ್ಣ ಈ ನಾಲ್ಕೂ ವೈನಿನಲ್ಲಿ ಹಾಗೆಯೇ ಇಳಿಯುವುದರಿಂದ, ನೆಲದ ಗುಣದೋಷಗಳು ಪೀಪಾಯಿಯವರೆಗೂ ಹಿಂಬಾಲಿಸುತ್ತವೆ. ಬಳ್ಳಿಯನ್ನು ಒಮ್ಮೆ ನೆಟ್ಟರೆ ಹದಿನೈದು ಇಪ್ಪತ್ತು ವರ್ಷ ಅದೇ ಸ್ಥಳದಲ್ಲಿರತಕ್ಕದ್ದು. ಕಲ್ಲುಕಂಬ, ತಂತಿ, ಕೊಳವೆಬಾವಿ, ಹನಿನೀರಿನ ಕೊಳವೆ ಇವುಗಳಿಗೆ ಹಾಕಿದ ಹಣವು ಒಂದೆರಡು ಫಸಲಿನಲ್ಲಿ ಹಿಂದಿರುಗತಕ್ಕದ್ದಲ್ಲ. ಆದಕಾರಣ ನೆಲವನ್ನು ಆರಿಸುವುದರಲ್ಲಿ ತಪ್ಪಿದವರು ಆ ತಪ್ಪನ್ನು ಬಹುಕಾಲ ಅನುಭವಿಸಬೇಕಾಗುವುದು.

ದಕ್ಷಿಣ ಬೆಂಗಳೂರಿನ ನೆಲ

ಬೆಂಗಳೂರು ಸೀಮೆಯ ನೆಲದ ಸ್ವರೂಪವನ್ನು ತಿಳಿಯಲು ಬಹುದೂರ ಹೋಗಬೇಕಾದುದಿಲ್ಲ. ಜಯನಗರಕ್ಕೆ ಉತ್ತರದಲ್ಲಿರುವ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಸಾಕು. ಕೆಂಪೇಗೌಡರ ಗೋಪುರವಿರುವ ಈ ಬಂಡೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಎಂಬವರು ೧೯೧೬ರಲ್ಲಿ ಈ ಜಾತಿಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂಬ ಹೆಸರನ್ನು ಕೊಟ್ಟರು. ಬೆಂಗಳೂರು, ದೊಡ್ಡಬಳ್ಳಾಪುರ, ಆನೇಕಲ್ಲು, ಕೋಲಾರದ ಕಡೆಗಳಲ್ಲಿ ನೇಗಿಲಿಗೆ ಸಿಕ್ಕುವ ಕೆಮ್ಮಣ್ಣಿನ ಬಹುಭಾಗವು ಈ ಶಿಲೆಯೂ ಇದರ ಜೊತೆಯ ಗ್ರಾನೈಟ್ ಶಿಲೆಯೂ ಬಿಸಿಲುಮಳೆಗಳಿಂದ ಸವೆದು ಶಿಥಿಲವಾಗಿ ಆದುದು.

ಬಂಡೆಯಿಂದ ದಕ್ಷಿಣಕ್ಕೆ ನಡೆದರೆ ನೆಲವು ಮೆಟ್ಟಿಲುಮೆಟ್ಟಿಲಾಗಿ ಬದಲಾಗುವುದು ಕಂಡುಬರುತ್ತದೆ. ಬನಶಂಕರಿಯ ಕಡೆಯ ದಿಣ್ಣೆಗಳಲ್ಲಿ ಮಣ್ಣಿನ ಆಳ ಕಡಿಮೆ. ಗರಸೂ ಬೆಣಚುಕಲ್ಲಿನ ಚೂರುಗಳೂ ಹೆಚ್ಚು. ಜಯನಗರದ ಇಳಿಜಾರುಗಳಲ್ಲಿ ಮರಳು ಕೂಡಿದ ಕೆಮ್ಮಣ್ಣು ಆಳವಾಗಿದ್ದು, ಅದರ ಕೆಳಗೆ ಕೈಯಿಂದ ಮುರಿದರೆ ಪುಡಿಯಾಗುವ ಶಿಥಿಲ ಶಿಲೆ ಇರುವುದು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳದ ಕೆರೆಗಳಿರುವ ತಗ್ಗುಗಳಲ್ಲಿ ಮಣ್ಣು ಬೂದುಬಣ್ಣಕ್ಕೆ ತಿರುಗಿ ಜೇಡಿಯಾಗುವುದು. ಪಡುವಣ ಇಳಿಜಾರಿನ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಕಾವೇರಿಯನ್ನೂ ಸೇರುವುದು. ಮೂಡಣ ಇಳಿಜಾರಿನ ನೀರು ಬೆಳ್ಳಂದೂರಿನ ಕಡೆಗೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುವುದು. ಹೀಗೆ ಒಂದೇ ಬಂಡೆಯಿಂದ ಹುಟ್ಟಿದ ನೆಲವಾದರೂ, ದಿಣ್ಣೆ, ಇಳಿಜಾರು, ತಗ್ಗು ಎಂಬ ಮೂರು ತರಗತಿಗಳು ಎರಡು ಮೂರು ಮೈಲಿಗಳೊಳಗೆ ಸಿಕ್ಕುತ್ತವೆ.

ಹಿಂದಿನವರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ದಿಣ್ಣೆಯನ್ನು ಹುರುಳಿಗೂ ದನದ ಮೇವಿಗೂ, ಇಳಿಜಾರಿನ ಬೆದ್ದಲನ್ನು ರಾಗಿ, ಅವರೆ, ತೊಗರಿಗಳಿಗೂ, ಕೆರೆಯ ಕೆಳಗಣ ತರಿಯನ್ನು ಬತ್ತಕ್ಕೂ ಮೀಸಲಿಟ್ಟರು. ೧೯೪೮ರಲ್ಲಿ ಜಯನಗರದ ಬಡಾವಣೆಯು ಆರಂಭವಾದಂದಿನಿಂದ ಕ್ರಮವಾಗಿ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಬೆಳೆದು ಆ ಹೊಲಗಳೆಲ್ಲವೂ ಮನೆಗಳಾಗಿವೆ. ಆದರೂ ಅಲ್ಲಿ ಮನೆಯ ಅಸ್ತಿಭಾರಕ್ಕೆ ಅಗೆದ ಪ್ರತಿಯೊಂದು ಗುಂಡಿಯೂ ನೆಲದ ಪದರಗಳನ್ನು ಬಿಚ್ಚಿ ತೋರಿಸುವುದು. ಇನ್ನೂ ಸಾಗುವಳಿಯಲ್ಲಿರುವ ಆನೇಕಲ್ಲು, ಕನಕಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕೆಮ್ಮಣ್ಣಿನ ಹೊಲಗಳಲ್ಲಿಯೂ ಬಹುಮಟ್ಟಿಗೆ ಇದೇ ಏರ್ಪಾಡು ಇರುವುದರಿಂದ, ಅಲ್ಲಿನ ಭೂಮಾಲೀಕರು ಈ ಗುಂಡಿಗಳನ್ನು ಒಮ್ಮೆ ನಿಂತು ನೋಡುವುದು ಲಾಭಕರವು.

ಎತ್ತರದಿಂದಾಗುವ ಉಪಕಾರ

ಸಮುದ್ರಮಟ್ಟದಿಂದ ಪ್ರತಿ ೧೦೦೦ ಅಡಿ ಮೇಲಕ್ಕೆ ಹೋದಂತೆ ಹವೆಯ ಶಾಖವು ಸರಾಸರಿ ೨ ಡಿಗ್ರಿ ಸೆಂಟಿಗ್ರೇಡಿನಷ್ಟು ತಗ್ಗುತ್ತದೆ. ಬೆಂಗಳೂರು ಸುಮಾರು ೩೦೦೦ ಅಡಿ ಎತ್ತರದಲ್ಲಿರುವುದರಿಂದ, ಇದೇ ಅಕ್ಷಾಂಶದಲ್ಲಿ ಕಡಲ ತೀರದಲ್ಲಿರುವ ಚೆನ್ನೈಗಿಂತ ಸುಮಾರು ೬ ಡಿಗ್ರಿಗಳಷ್ಟು ತಂಪಾಗಿರಬೇಕೆಂದು ಲೆಕ್ಕ ಹಾಕಬಹುದು. ಫೆಬ್ರವರಿ ತಿಂಗಳಲ್ಲಿ ಇಲ್ಲಿ ಹಗಲಿನ ಶಾಖ ೩೦ ಡಿಗ್ರಿಯ ಆಸುಪಾಸಿಗೆ ಏರಿದರೂ ರಾತ್ರಿ ೧೭ ಡಿಗ್ರಿಯ ಆಸುಪಾಸಿಗೆ ಇಳಿಯುವುದು. ವೈನಿನ ದ್ರಾಕ್ಷಿಗೆ ಬೇಕಾದುದು ಈ ರಾತ್ರಿಯ ಇಳಿತವೇ.

ಇದರ ಕಾರಣವನ್ನು ಸುಲಭವಾಗಿ ತಿಳಿಯಬಹುದು. ಹಗಲಿನಲ್ಲಿ ಎಲೆಗಳು ಬಿಸಿಲಿನಿಂದ ಸಕ್ಕರೆಯನ್ನು ತಯಾರಿಸಿ ಹಣ್ಣಿಗೆ ಕಳುಹಿಸುವುವು. ಹಣ್ಣು ಹಗಲೂ ರಾತ್ರಿಯೂ ಉಸಿರಾಡುವುದು. ಉಸಿರಾಡುವಾಗ ತನ್ನಲ್ಲಿರುವ ಹುಳಿಯ ಒಂದು ಭಾಗವನ್ನು ವೆಚ್ಚಮಾಡುವುದು. ರಾತ್ರಿ ಸೆಕೆಯಿದ್ದರೆ ಈ ವೆಚ್ಚವು ಹೆಚ್ಚಿ, ಹಣ್ಣು ಮಾಗುವ ಹೊತ್ತಿಗೆ ಹುಳಿ ಉಳಿಯುವುದಿಲ್ಲ. ಹುಳಿಯಿಲ್ಲದ ರಸದಿಂದಾದ ವೈನು ಸಪ್ಪೆಯಾಗಿ ಬೇಗ ಕೆಡುವುದು, ಬಣ್ಣವೂ ಮಂಕಾಗುವುದು. ಸಿಪ್ಪೆಯಲ್ಲಿ ಕಟ್ಟುವ ಕೆಂಪುಬಣ್ಣವು ಕೂಡ ತಂಪಾದ ರಾತ್ರಿಗಳಲ್ಲಿ ಚೆನ್ನಾಗಿ ಕಟ್ಟುವುದು. ಅತಿ ಶಾಖದಲ್ಲಿ ಅದು ಕುಂಠಿತವಾಗುವುದು. ಎತ್ತರದ ಸ್ಥಳದಲ್ಲಿ ಬಿಸಿಲಿನ ನೇರಳಾತೀತ ಕಿರಣಗಳು ಪ್ರಬಲವಾಗಿರುವುದರಿಂದ, ಅವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಹಣ್ಣಿನ ಸಿಪ್ಪೆಯಲ್ಲಿ ಬಣ್ಣದ ದ್ರವ್ಯಗಳು ಹೆಚ್ಚಾಗಿ ಸೇರುವುವು.

ಒಂದೇ ಗ್ರಾಮದೊಳಗಿನ ಏರುತಗ್ಗುಗಳಿಂದಲೂ ವ್ಯತ್ಯಾಸವುಂಟು. ರಾತ್ರಿಯ ತಣ್ಣನೆಯ ಗಾಳಿಯು ನೀರಿನಂತೆ ತಗ್ಗಿಗೆ ಹರಿದು ಅಲ್ಲಿ ನಿಲ್ಲುವುದು. ಅದರೊಡನೆ ತೇವವೂ ಇಬ್ಬನಿಯೂ ನಿಲ್ಲುವುವು. ಎಲೆಯ ಮೇಲೆ ತೇವವು ಬಹಳ ಹೊತ್ತು ನಿಂತಲ್ಲಿ ಬೂಜುರೋಗ ತಪ್ಪದು. ಇಳಿಜಾರಿನಲ್ಲಿ ಗಾಳಿಯಾಡುವುದರಿಂದ ಎಲೆ ಬೇಗ ಒಣಗುವುದು. ಆದಕಾರಣ ಕೆರೆಯ ಅಂಗಳದ ತಂಪನ್ನು ಎತ್ತರದ ತಂಪೆಂದು ಭ್ರಮಿಸಕೂಡದು.

ಮಣ್ಣು ಮಾಡುವ ಕೆಲಸ

ಕೆಮ್ಮಣ್ಣಿನ ಕೆಂಪು ವೈನಿಗೆ ಇಳಿಯುವುದೆಂದು ಕೆಲವರು ತಿಳಿದಿರುವರು. ಇದು ಸರಿಯಲ್ಲ. ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನಿಂದಾದುದು. ವೈನಿನ ಕೆಂಪು ಹಣ್ಣಿನ ಸಿಪ್ಪೆಯಿಂದ ಬಂದುದು. ಬಹುತೇಕ ಕೆಂಪು ದ್ರಾಕ್ಷಿಗಳ ತಿರುಳು ಬಿಳಿಯಾಗಿಯೇ ಇರುವುದು. ಮಣ್ಣು ತನ್ನ ಕೆಲಸವನ್ನು ಮುಖ್ಯವಾಗಿ ನೀರಿನ ಮೂಲಕ ನಡೆಸುವುದು.

ಜೇಡಿಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬಳ್ಳಿಗೆ ಬೇಕೆನಿಸಿದಷ್ಟು ಒದಗಿಸುವುದು. ಬಳ್ಳಿಯು ಸೊಂಪಾಗಿ ಹಬ್ಬಿ, ಎಲೆಯ ಮೇಲೆ ಎಲೆ ಬೆಳೆದು, ಗೊಂಚಲು ನೆರಳಿನಲ್ಲಿ ಸಿಕ್ಕಿಬೀಳುವುದು. ಹಣ್ಣು ದಪ್ಪವಾಗಿ ತೂಕ ಬರುವುದು, ರಸ ತೆಳುವಾಗುವುದು. ಗರಸಿನ ಕೆಮ್ಮಣ್ಣಿನಲ್ಲಿ ಮಳೆಯ ನೀರು ಬೇಗ ಬಸಿದುಹೋಗುವುದು. ಬೇರು ಕೆಳಕ್ಕೆ ಇಳಿದು ಶಿಥಿಲ ಶಿಲೆಯ ಬಿರುಕುಗಳಲ್ಲಿ ತೇವವನ್ನು ಹುಡುಕುವುದು. ಹಣ್ಣು ಬಣ್ಣ ತಿರುಗುವ ಕಾಲದಲ್ಲಿ ಬಳ್ಳಿಗೆ ಸ್ವಲ್ಪ ನೀರಿನ ಕೊರತೆಯಾದರೆ ಚಿಗುರು ನಿಂತು, ಸಕ್ಕರೆಯೆಲ್ಲವೂ ಹಣ್ಣಿಗೆ ಸೇರುವುದು. ಹಣ್ಣು ಸಣ್ಣದಾಗಿ ಉಳಿಯುವುದು.

ಹಣ್ಣು ಸಣ್ಣದಾಗುವುದರಿಂದ ಏನು ಲಾಭವೆಂದು ಕೇಳಬಹುದು. ಒಂದು ಅಂಗುಲ ಅಡ್ಡಳತೆಯ ಹಣ್ಣಿಗಿಂತ ಅರ್ಧ ಅಂಗುಲ ಅಡ್ಡಳತೆಯ ಹಣ್ಣಿನಲ್ಲಿ, ರಸದ ಪ್ರಮಾಣಕ್ಕೆ ಹೋಲಿಸಿದರೆ ಸಿಪ್ಪೆಯ ಹರವು ಎರಡರಷ್ಟಿರುವುದು. ಬಣ್ಣವೂ ಒಗರೂ ಸಿಪ್ಪೆಯಲ್ಲಿರುವ ಕಾರಣ, ಒಂದು ಮಣ ಸಣ್ಣಹಣ್ಣಿನಿಂದ ಬರುವ ವೈನು ಒಂದು ಮಣ ದಪ್ಪಹಣ್ಣಿನದಕ್ಕಿಂತ ಗಾಢವಾಗಿಯೂ ಬಾಳಿಕೆಯುಳ್ಳದ್ದಾಗಿಯೂ ಇರುವುದು. ತೂಕವನ್ನು ನೋಡಿ ಸಂತೋಷಪಡುವ ಬೆಳೆಗಾರನೂ ರಸವನ್ನು ನೋಡಿ ಬೆಲೆ ಕಟ್ಟುವ ತಯಾರಕನೂ ಜಗಳವಾಡುವುದು ಈ ವಿಷಯದಲ್ಲಿಯೇ. ಪೊಟ್ಯಾಷ್ ಅತಿಯಾದ ನೆಲದಲ್ಲಿಯೂ, ಪೊಟ್ಯಾಷ್ ಗೊಬ್ಬರವನ್ನು ಮಿತಿಮೀರಿ ಹಾಕಿದಲ್ಲಿಯೂ ರಸದ ಹುಳಿ ಕುಂದಿ ಬಣ್ಣ ಮಂಕಾಗುವುದೆಂಬುದನ್ನೂ ಇಲ್ಲಿ ಗಮನಿಸತಕ್ಕದ್ದು.

ಇಟಲಿ ದೇಶದ ಒಂದು ನಿದರ್ಶನ

ಇಂಥದೇ ಶಿಲೆಯಿಂದಾದ ನೆಲದಲ್ಲಿ ಬಹುಕಾಲದಿಂದ ಕೆಂಪು ವೈನನ್ನು ತಯಾರಿಸುತ್ತಿರುವ ಒಂದು ಪ್ರದೇಶ ಇಟಲಿಯ ಉತ್ತರದಲ್ಲಿರುವ ವಾಲ್ತೆಲ್ಲಿನ ಕಣಿವೆ. ಆಲ್ಪ್ಸ್ ಪರ್ವತಗಳ ನಡುವೆ ಆದ್ದಾ ನದಿಯು ಪಡುವಣಕ್ಕೆ ಹರಿಯುವುದು. ನದಿಯ ಉತ್ತರದ ದಡದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಬೆಟ್ಟದ ಮೇಲೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳ ಹಿಂದೆ ಮಣ್ಣನ್ನು ತುಂಬಿ ಪಾವಟಿಗೆಯಂತೆ ತೋಟಗಳನ್ನು ಮಾಡಿರುವರು. ಮಣ್ಣು ತೆಳುವಾದುದು, ಮರಳಾದುದು, ಗ್ರಾನೈಟೂ ನೈಸೂ ಮೊದಲಾದ ಶಿಲೆಗಳಿಂದಾದುದು. ನೆಬ್ಬಿಯೋಲೊ ಎಂಬ ದ್ರಾಕ್ಷಿಯನ್ನು ಅಲ್ಲಿನವರು ಕಿಯಾವೆನ್ನಾಸ್ಕ ಎಂದು ಕರೆಯುವರು.

ಈ ಒಂದೇ ಕಣಿವೆಯನ್ನು ಅಲ್ಲಿನ ಸರ್ಕಾರದ ನಿಯಮವು ಮರೊಜ್ಜ, ಸಸ್ಸೆಲ್ಲ, ಗ್ರುಮೆಲ್ಲೊ, ಇನ್ಫೆರ್ನೊ, ವಲ್ಜೆಲ್ಲ ಎಂಬ ಐದು ಉಪವಲಯಗಳಾಗಿ ಗುರುತಿಸಿದೆ. ತಳಿ ಒಂದೇ, ಬೇಸಾಯದ ಪದ್ಧತಿಯೂ ಬಹುಮಟ್ಟಿಗೆ ಒಂದೇ. ಆದರೂ ಸೀಸೆಯ ಮೇಲೆ ಉಪವಲಯದ ಹೆಸರನ್ನು ಬೇರೆಬೇರೆಯಾಗಿ ಬರೆಯುವರು. ಇನ್ಫೆರ್ನೊ ಎಂದರೆ ನರಕವೆಂದರ್ಥ; ಬಂಡೆಗಳ ನಡುವಣ ಆ ಕಿರಿದಾದ ಪಾವಟಿಗೆಗಳಲ್ಲಿ ಬೇಸಿಗೆಯ ಧಗೆಯು ಹಾಗಿರುವುದರಿಂದ ಈ ಹೆಸರು ಬಂದಿತೆಂದು ಹೇಳುವರು. ತೋಟಗಳು ಸುಮಾರು ೩೦೦ ಮೀಟರಿನಿಂದ ೭೦೦ ಮೀಟರಿನವರೆಗೆ ಹರಡಿವೆ. ಕೆಳಗಣ ಪಾವಟಿಗೆಯ ಹಣ್ಣು ಮೊದಲು ಮಾಗಿ ತುಂಬುರುಚಿಯ ವೈನನ್ನು ಕೊಡುವುದು. ಮೇಲಣ ಪಾವಟಿಗೆಯದು ತಡವಾಗಿ ಮಾಗಿ, ಹುಳಿಯನ್ನೂ ಪರಿಮಳವನ್ನೂ ಉಳಿಸಿಕೊಂಡಿರುವುದು.

ಈ ನಿದರ್ಶನವನ್ನು ಇಲ್ಲಿಗೆ ಅನ್ವಯಿಸುವಾಗ ಒಂದು ಎಚ್ಚರಿಕೆ ಬೇಕು. ವಾಲ್ತೆಲ್ಲಿನವು ೪೬ನೆಯ ಅಕ್ಷಾಂಶದಲ್ಲಿದ್ದು, ಅಲ್ಲಿ ಚಳಿಯೇ ಶತ್ರು. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರನ್ನೂ ಬಿಸಿಲನ್ನು ಹೀರುವ ಕಲ್ಲುಗೋಡೆಯನ್ನೂ ಅವರು ಶಾಖಕ್ಕಾಗಿ ಬಯಸುವರು. ಬೆಂಗಳೂರು ೧೩ನೆಯ ಅಕ್ಷಾಂಶದಲ್ಲಿದ್ದು, ಇಲ್ಲಿ ಎತ್ತರವನ್ನು ತಂಪಿಗಾಗಿ ಬಯಸಬೇಕು. ಅಲ್ಲಿ ಚಳಿಗಾಲದಲ್ಲಿ ಬಳ್ಳಿಯು ಎಲೆಯುದುರಿಸಿ ನಿದ್ರಿಸುವುದು; ಇಲ್ಲಿ ಅದಕ್ಕೆ ನಿದ್ರೆಯೇ ಇಲ್ಲದ ಕಾರಣ, ಕತ್ತರಿಯಿಂದ ಸವರಿ ಅದರ ಕಾಲವನ್ನು ಬೆಳೆಗಾರನೇ ಗೊತ್ತುಮಾಡಬೇಕಾಗುವುದು. ಎರಡು ಕಡೆಗೂ ಸಮಾನವಾದುದು ತೆಳುವಾದ ಮರಳುಮಣ್ಣು, ಚೆನ್ನಾಗಿ ಬಸಿಯುವ ಇಳಿಜಾರು, ಮಿತವಾದ ಇಳುವರಿ ಈ ಮೂರು ಮಾತ್ರ.

ನಂದಿಯ ತಪ್ಪಲೂ ಕೃಷ್ಣೆಯ ಬಯಲೂ

ಕರ್ನಾಟಕದೊಳಗೇ ಈ ಭೇದವನ್ನು ಕಾಣಬಹುದು. ನಂದಿಬೆಟ್ಟದ ಶಿಖರವು ೪೮೫೧ ಅಡಿ ಎತ್ತರದಲ್ಲಿದ್ದರೆ, ಅದರ ತಪ್ಪಲಿನ ಹೊಲಗಳು ಸುಮಾರು ೩೦೦೦ ಅಡಿ ಎತ್ತರದಲ್ಲಿವೆ. ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಎಂಬವರು ೧೯೮೮ರಲ್ಲಿ ಸ್ಥಾಪಿಸಿದ ತೋಟದಲ್ಲಿ, ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬವರ ಸಲಹೆಯೊಡನೆ ಫ್ರೆಂಚ್ ತಳಿಗಳನ್ನು ಬೆಳೆಸಲಾಯಿತು. ಅಲ್ಲಿನ ಮೊದಲ ವೈನು ೧೯೯೨ರಲ್ಲಿ ಹೊರಬಂದಿತು. ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ಎಂಬ ಕೆಂಪು ತಳಿಗಳು ಈ ಕೆಮ್ಮಣ್ಣಿಗೆ ಒಗ್ಗುವುವೆಂಬುದು ಅಂದಿನಿಂದ ಅನುಭವಸಿದ್ಧವಾಗಿದೆ. ೨೦೦೭ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಈ ಕಸುಬಿಗೆ ಹೆಚ್ಚಿನ ಪ್ರೋತ್ಸಾಹ ದೊರೆಯಿತು.

ಉತ್ತರದಲ್ಲಿ ವಿಜಯಪುರವು ಸುಮಾರು ೨೦೦೦ ಅಡಿ ಎತ್ತರದಲ್ಲಿದ್ದು, ಅಲ್ಲಿನ ಬಯಲಿನ ಬಹುಭಾಗ ಎರೆಭೂಮಿ. ಎತ್ತರದ ಲೆಕ್ಕದಿಂದಲೇ ಅಲ್ಲಿ ೨ ಡಿಗ್ರಿಯಷ್ಟು ಶಾಖ ಹೆಚ್ಚು; ಮಾರ್ಚಿಯ ಬಿಸಿಲಿನಲ್ಲಿ ಈ ಅಂತರವು ಇನ್ನೂ ಹೆಚ್ಚಾಗಿ ತೋರುವುದು. ಎರೆಯು ನೀರನ್ನು ಬಹುಕಾಲ ಹಿಡಿದಿಡುವುದು. ಒಣಗಿದಾಗ ಬಿರುಕುಬಿಟ್ಟು ಬೇರನ್ನು ಹರಿಯುವುದು. ಆ ಸೀಮೆಯಲ್ಲಿ ಸಕ್ಕರೆ ಬೇಗ ಕಟ್ಟುವುದರಿಂದ ಬೀಜವಿಲ್ಲದ ಥಾಮ್ಸನ್ ತಳಿಯೂ ಒಣದ್ರಾಕ್ಷಿಯೂ ಚೆನ್ನಾಗಿ ಆಗುವುವು. ಮಳೆ ಕಡಿಮೆಯಾದ್ದರಿಂದ ರೋಗವೂ ಕಡಿಮೆ. ಕೆಂಪು ವೈನಿಗೆ ಮಾತ್ರ ಹುಳಿ ಉಳಿಯುವಂತೆ ಕೊಯ್ಲಿನ ಹೊತ್ತನ್ನು ಬಹಳ ಎಚ್ಚರದಿಂದ ಗೊತ್ತುಮಾಡಬೇಕಾಗುವುದು. ಬೆಂಗಳೂರಿನ ಕಡೆ ರಾತ್ರಿ ತಂಪು, ನೆಲ ಅನುಕೂಲ. ಆದರೆ ಮೇ ತಿಂಗಳಲ್ಲಿಯೂ ಸೆಪ್ಟೆಂಬರು ಅಕ್ಟೋಬರುಗಳಲ್ಲಿಯೂ ಮಳೆ ಬಲವಾಗಿರುವ ಕಾರಣ ರೋಗದ ಭಯ ಹೆಚ್ಚು. ಪ್ರತಿಯೊಂದು ಸೀಮೆಗೂ ಅದರದೇ ಆದ ಲಾಭವೂ ನಷ್ಟವೂ ಇರುವುವು.

ಬೆಂಗಳೂರು ನೀಲಿ

ಬೆಂಗಳೂರಿನ ಸುತ್ತಮುತ್ತ ತಲೆಮಾರುಗಳಿಂದ ಬೆಳೆದುಬಂದ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಇದು ಯುರೋಪಿನ ಜಾತಿಗೂ ಅಮೆರಿಕದ ಲಾಬ್ರುಸ್ಕ ಜಾತಿಗೂ ಹುಟ್ಟಿದ ಮಿಶ್ರತಳಿ. ಸಿಪ್ಪೆ ದಪ್ಪವಾಗಿದ್ದು ತಿರುಳಿನಿಂದ ಜಾರಿ ಬರುವುದು, ಪರಿಮಳ ತೀಕ್ಷ್ಣವಾದುದು. ಮಳೆಯನ್ನೂ ರೋಗವನ್ನೂ ಯುರೋಪಿನ ತಳಿಗಳಿಗಿಂತ ಚೆನ್ನಾಗಿ ತಡೆದುಕೊಂಡು, ವರ್ಷಕ್ಕೆ ಎರಡು ಫಸಲು ಕೊಡಬಲ್ಲದು. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಈ ಹಣ್ಣಿಗೆ ೨೦೧೩ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹಣ್ಣಿನ ರಸಕ್ಕೂ ಸಿಹಿಯಾದ ಪೋರ್ಟ್ ಬಗೆಯ ವೈನಿಗೂ ಇದು ಬಳಕೆಯಾಗುವುದು. ಒಣರುಚಿಯ ಕೆಂಪು ವೈನಿನಲ್ಲಿ ಇದರ ಪರಿಮಳವನ್ನು ಎಲ್ಲರೂ ಮೆಚ್ಚುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನೇ ತಾಯಿಯಾಗಿಟ್ಟುಕೊಂಡು ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಎಂಬ ವೈನಿಗೆ ಯೋಗ್ಯವಾದ ತಳಿಗಳನ್ನು ತೆಗೆದಿರುವರು. ನೀಲಿ ದ್ರಾಕ್ಷಿಯನ್ನು ಬೆಳೆದು ಲಾಭ ಕಾಣುತ್ತಿರುವವರು ಹೊಸ ತಳಿಯ ಹೆಸರಿಗೆ ಮರುಳಾಗಿ ಬಳ್ಳಿಗಳನ್ನು ಕಿತ್ತುಹಾಕುವುದು ವಿವೇಕವಲ್ಲ. ಮೊದಲು ನೆಲವು ಹೊಸ ತಳಿಗೆ ಒಪ್ಪುವುದೋ ಎಂದು ನೋಡತಕ್ಕದ್ದು.

ಭೂಮಾಲೀಕರು ಗಮನಿಸತಕ್ಕ ಅಂಶಗಳು

೧. ವೈನಿನ ದ್ರಾಕ್ಷಿಗೆ ಊರಿನ ಅತ್ಯುತ್ತಮ ತರಿಯನ್ನು ಕೊಡಬಾರದು. ಬತ್ತಕ್ಕೂ ತರಕಾರಿಗೂ ಒಗ್ಗುವ ಆ ನೆಲವು ವೈನಿಗೆ ಒಗ್ಗುವುದಿಲ್ಲ. ಇಳಿಜಾರಿನ ಬೆದ್ದಲನ್ನೇ ಆರಿಸತಕ್ಕದ್ದು. ಬರಿಯ ಬಂಡೆಯ ಮೇಲಣ ಗೇಣುದ್ದದ ಮಣ್ಣೂ ಸಾಲದು. ಬೇರು ಇಳಿಯುವುದಕ್ಕೆ ಮೂರು ನಾಲ್ಕು ಅಡಿಗಳಾದರೂ ಬೇಕು.

೨. ಹೊಲದ ಮೇಲು, ನಡು, ಕೆಳ ಎಂಬ ಮೂರು ಸ್ಥಳಗಳಲ್ಲಿ ಐದು ಅಡಿ ಆಳದ ಗುಂಡಿಗಳನ್ನು ತೆಗೆಸಿ ಪದರಗಳನ್ನು ನೋಡತಕ್ಕದ್ದು. ಗುಂಡಿಗೆ ನೀರು ತುಂಬಿಸಿದರೆ ಮರುದಿನದೊಳಗೆ ಇಂಗಿರಬೇಕು. ನೀರು ನಿಂತಿದ್ದರೆ ಆ ಭಾಗವನ್ನು ಬಿಟ್ಟುಬಿಡುವುದು ಲೇಸು.

೩. ಮಣ್ಣನ್ನೂ ಕೊಳವೆಬಾವಿಯ ನೀರನ್ನೂ ನೆಡುವ ಮೊದಲೇ ಪರೀಕ್ಷೆ ಮಾಡಿಸತಕ್ಕದ್ದು. ದ್ರಾಕ್ಷಿಯು ಉಪ್ಪನ್ನು ತಾಳುವುದಿಲ್ಲ. ಉಪ್ಪಿನ ಅಂಶವಾಗಲಿ ನೀರಿನ ಅಭಾವವಾಗಲಿ ಇರುವಲ್ಲಿ ಡಾಗ್‌ರಿಜ್ ಎಂಬ ಬೇರುಗಿಡದ ಮೇಲೆ ಕಸಿ ಮಾಡಿದ ಸಸಿಗಳನ್ನು ನೆಡುವುದು ವಾಡಿಕೆ.

೪. ಸವರುವ ಕಾಲವನ್ನು ಹಿಂದಿನಿಂದ ಎಣಿಸಿ ಗೊತ್ತುಮಾಡತಕ್ಕದ್ದು. ಹಣ್ಣು ಮಳೆಯಿಲ್ಲದ ಫೆಬ್ರವರಿ ಮಾರ್ಚಿಗಳಲ್ಲಿ ಮಾಗಬೇಕಾದರೆ ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಸವರಬೇಕು. ಆ ಮಳೆಯಲ್ಲಿ ಎಳೆಯ ಚಿಗುರಿಗೆ ಬೂಜುರೋಗ ತಗಲದಂತೆ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬಳಕೆಯಲ್ಲಿರುವ ಈ ದ್ರಾವಣವು ೧೮೮೦ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿಯೇ ಹುಟ್ಟಿದುದು.

೫. ಹನಿನೀರಾವರಿಯಿಂದ ಅಳತೆಯಾಗಿ ನೀರು ಕೊಟ್ಟು, ಹಣ್ಣು ಬಣ್ಣ ತಿರುಗಿದ ಮೇಲೆ ಕ್ರಮವಾಗಿ ತಗ್ಗಿಸತಕ್ಕದ್ದು. ತೂಕಕ್ಕಾಗಿ ಕೊಯ್ಲಿನ ಮುಂಚೆ ನೀರು ಹಾಯಿಸುವ ಅಭ್ಯಾಸವು ವೈನಿನ ಹಣ್ಣಿಗೆ ಕೇಡು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಗಳಲ್ಲಿ ಅಂತರ್ಜಲವು ಬಹಳ ಆಳಕ್ಕೆ ಇಳಿದಿರುವ ಈ ಕಾಲದಲ್ಲಿ ಇದರಿಂದ ನೀರಿನ ಉಳಿತಾಯವೂ ಆಗುವುದು.

೬. ಇಳಿಜಾರಿಗೆ ಅಡ್ಡಲಾಗಿ ಬದುಗಳನ್ನು ಹಾಕಿಸತಕ್ಕದ್ದು. ಕೆಮ್ಮಣ್ಣು ಒಂದು ಬಿರುಮಳೆಗೆ ಕೊಚ್ಚಿಹೋಗುವುದು. ಹೋದ ಮಣ್ಣು ಒಂದು ತಲೆಮಾರಿನಲ್ಲಿ ಹಿಂದಿರುಗುವುದಿಲ್ಲ.

೭. ಬಳ್ಳಿಯನ್ನು ನೆಡುವ ಮೊದಲೇ ಕೊಳ್ಳುವವರೊಡನೆ ಬರಹದಲ್ಲಿ ಕರಾರು ಮಾಡಿಕೊಂಡು, ಹಣ್ಣಿನ ಸಕ್ಕರೆಯ ಅಂಶಕ್ಕೆ ತಕ್ಕ ಬೆಲೆಯನ್ನು ಅದರಲ್ಲಿ ಸ್ಪಷ್ಟವಾಗಿ ಕಾಣಿಸತಕ್ಕದ್ದು. ಇಳುವರಿಯನ್ನು ಮಿತಗೊಳಿಸಿದ ಬೆಳೆಗಾರನಿಗೆ ಗುಣದ ಬೆಲೆ ದೊರೆಯದಿದ್ದರೆ ಅವನ ಶ್ರಮವು ವ್ಯರ್ಥವೇ ಸರಿ.

ಗ್ರಾಮದ ಮುಖಂಡರು ಈ ವಿಷಯದಲ್ಲಿ ಮಾಡಬಹುದಾದ ಉಪಕಾರವೂ ಒಂದುಂಟು. ಬಡಾವಣೆಗಾಗಿ ನೆಲವನ್ನು ಕೇಳುವವರು ನೀರು ನಿಲ್ಲದ ಎತ್ತರದ ಕೆಮ್ಮಣ್ಣನ್ನೇ ಮೊದಲು ಕೇಳುವರು. ದ್ರಾಕ್ಷಿಗೆ ಬೇಕಾದುದೂ ಅದೇ. ಜಯನಗರ, ಬನಶಂಕರಿಗಳ ಇಳಿಜಾರುಗಳು ಹೋದ ದಾರಿಯಲ್ಲಿಯೇ ಇನ್ನುಳಿದ ಇಳಿಜಾರುಗಳೂ ಹೋಗುವ ಮೊದಲು, ತಮ್ಮ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಆಳದ ಯಾವ ಮಣ್ಣಿದೆ, ಬಾವಿಯ ನೀರು ಎಂಥದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸಿಟ್ಟರೆ, ಮಾರುವವನಿಗೂ ಉಳಿಸಿಕೊಳ್ಳುವವನಿಗೂ ತನ್ನ ನೆಲದ ಬೆಲೆ ತಿಳಿದಿರುವುದು.